ಅಕ್ಷರ ಬಂತೆಂದು ಓದಿ ಹೇಳುವುದನ್ನು ನಿಲ್ಲಿಸಬೇಡಿ

ಪ್ರಶ್ನೆ: ನಾನೂ ನನ್ನ ಅಣ್ಣನೂ ಒಂದೇ ಮನೆಯಲ್ಲಿ ಬೆಳೆದು ಒಂದೇ ಶಾಲೆಗೆ ಹೋದವರು. ಅಪ್ಪ ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮನೆಯಲ್ಲಿ ಪಂಚಾಂಗ, ಪಠ್ಯಪುಸ್ತಕ ಬಿಟ್ಟರೆ ಬೇರೆ ಪುಸ್ತಕ ಇರಲಿಲ್ಲ. ಆದರೂ ಅಣ್ಣ ಪುಸ್ತಕದ ಹುಳುವಾದ. ನನಗೆ ಇವತ್ತಿಗೂ ಹತ್ತು ಪುಟ ದಾಟುವುದು ಕಷ್ಟ. ಆರನೇ ತರಗತಿಯಲ್ಲಿ ನಾನು ಬರೆದ ಪ್ರಬಂಧವೊಂದನ್ನು ಮೇಷ್ಟರು ಎಲ್ಲರೆದುರು ಓದಿ, ತಪ್ಪುಗಳನ್ನು ಎತ್ತಿ ಹೇಳಿ ತರಗತಿಯನ್ನು ನಗಿಸಿದ್ದರು. ಆಮೇಲೆ ನಾನಾಗಿ ಏನನ್ನೂ ಬರೆದಿಲ್ಲ. ಈಗ ಮಗಳಿಗೆ ಎಂಟು ವರ್ಷ, ಇಂಗ್ಲಿಷ್ ಮಾಧ್ಯಮದಲ್ಲಿ ಮೂರನೇ ತರಗತಿ. ಕಥೆ ಕೇಳುವುದೆಂದರೆ ಬಲು ಇಷ್ಟ. ಪುಸ್ತಕ ಕೈಗೆ ಕೊಟ್ಟರೆ ಮಾತ್ರ ‘ನೀನೇ ಓದು’ ಎನ್ನುತ್ತಾಳೆ. ಓದಿ ಹೇಳಿದರೆ ಸೋಮಾರಿಯಾಗುತ್ತಾಳೆ, ತಾನೇ ಓದಿಕೊಳ್ಳಲಿ ಎಂಬುದು ಮನೆಯವರ ವಾದ. ಪುಸ್ತಕವಿಲ್ಲದ ಬಾಲ್ಯ ಕಳೆದ ನನ್ನಂಥವರ ಮಕ್ಕಳು ಓದುಗರಾಗುತ್ತಾರೆಯೇ? ನನ್ನ ಹಿಂಜರಿಕೆ ಅವಳಿಗೂ ಅಂಟುತ್ತದೆಯೇ?
— ಸಾಗರ ತಾಲ್ಲೂಕಿನ ಓದುಗರೊಬ್ಬರು

ಉತ್ತರ:

ಮನೆಯವರ ವಾದಕ್ಕೆ ಮೊದಲು ಉತ್ತರಿಸಿಬಿಡುತ್ತೇನೆ, ಏಕೆಂದರೆ ಇಂದು ರಾತ್ರಿಯೇ ಅದು ನಿಮಗೆ ಬೇಕಾಗುತ್ತದೆ. ಓದಿ ಹೇಳಿ. ಎಂಟು ವರ್ಷದ ಮಗು ಪುಸ್ತಕವನ್ನು ಅಮ್ಮನ ಕೈಗೆ ಮರಳಿಸಿ ‘ನೀನೇ ಓದು’ ಎಂದರೆ ಅದನ್ನು ಸೋಮಾರಿತನ ಎಂದು ತಿಳಿಯಬೇಡಿ. ಅವಳಿಗೆ ಕಥೆ ಬೇಕು. ಅಕ್ಷರಗಳನ್ನು ದಾಟಿ ಕಥೆಯನ್ನು ಮುಟ್ಟುವಷ್ಟು ವೇಗ ಇನ್ನೂ ಬಂದಿಲ್ಲ. ಇಷ್ಟನ್ನೇ ಅವಳು ತನಗೆ ಬರುವ ಮಾತಿನಲ್ಲಿ ಹೇಳುತ್ತಿದ್ದಾಳೆ. ಕಥೆಯೇ ಬೇಡವೆನ್ನುವ ಮಕ್ಕಳನ್ನು ಕಂಡಾಗ ನನಗೆ ಚಿಂತೆಯಾಗುತ್ತದೆ. ನಿಮ್ಮ ಮಗಳು ಆ ಗುಂಪಿನವಳಲ್ಲ.

ನಮ್ಮ ಮನೆಗಳಲ್ಲಿ ಒಂದು ರೂಢಿಯಿದೆ. ಮಗುವಿಗೆ ಐದು ವರ್ಷವಾಗುವ ತನಕ ಅಜ್ಜಿಯೋ ಅಮ್ಮನೋ ತೊಡೆಯ ಮೇಲೆ ಕೂರಿಸಿಕೊಂಡು ಕಥೆ ಹೇಳುತ್ತಾರೆ, ಚಿತ್ರ ತೋರಿಸುತ್ತಾರೆ. ಒಂದನೇ ತರಗತಿಗೆ ಸೇರಿಸಿದ ವರ್ಷವೇ ‘ಅಕ್ಷರ ಬಂತಲ್ಲ, ಇನ್ನು ನೀನೇ ಓದಿಕೋ’ ಎಂದು ಕೈಬಿಡುತ್ತಾರೆ. ಪುಸ್ತಕವೆಂದರೆ ಅಮ್ಮನ ದನಿ, ಅಮ್ಮನ ಮೈಯ ಬಿಸುಪು ಎಂದಿದ್ದದ್ದು ಒಮ್ಮೆಲೇ ಒಂಟಿಯಾಗಿ ಕುಳಿತು ಮಾಡುವ ದುಡಿಮೆಯಾಗಿಬಿಡುತ್ತದೆ. ಶಾಲೆಗಳಲ್ಲಿ ನಾನು ಕಂಡ ಮಟ್ಟಿಗೆ ಓದಿನ ಪ್ರೀತಿ ಕಮರುವ ಜಾಗ ಇದೇ. ಮೊಬೈಲನ್ನು ದೂರುವ ಮೊದಲು ಈ ಕೈಬಿಡುವಿಕೆಯನ್ನು ನೋಡಬೇಕು.

ಕನ್ನಡದ ಮಟ್ಟಿಗಂತೂ ಇದು ತೀರ ಅವಸರದ ಕೈಬಿಡುವಿಕೆ. ಅಕ್ಷರ ಕಲಿಯುವಾಗಿನ ಕಷ್ಟ ದೊಡ್ಡವರಾದ ನಮಗೆ ಮರೆತೇ ಹೋಗಿರುತ್ತದೆ. ವರ್ಣಮಾಲೆಯಲ್ಲಿರುವುದು 49 ಅಕ್ಷರ. ಪುಟದ ಮೇಲೆ ಮಗುವಿಗೆ ಎದುರಾಗುವುದು ಕಾಗುಣಿತ. ಅದೊಂದೇ ನಾನೂರನ್ನು ಮೀರುತ್ತದೆ. ಅದರ ಮೇಲೆ ಒತ್ತಕ್ಷರಗಳು. ‘ವ’ಕ್ಕೂ ‘ಮ’ಕ್ಕೂ, ‘ಪ’ಕ್ಕೂ ‘ಷ’ಕ್ಕೂ, ‘ಥ’ಕ್ಕೂ ‘ಧ’ಕ್ಕೂ ನಡುವಿನ ವ್ಯತ್ಯಾಸ ಒಂದು ಗೆರೆಯದು, ಒಂದು ಚುಕ್ಕೆಯದು. ‘ಸೂರ್ಯ’ ಎಂದು ಬರೆದದ್ದನ್ನೇ ನೋಡಿ. ಬಾಯಲ್ಲಿ ರಕಾರ ಮೊದಲು, ಯಕಾರ ಆಮೇಲೆ. ಕಾಗದದಲ್ಲಿ ‘ಯ’ ಮೊದಲು ನಿಂತು, ಅರ್ಕಾವೊತ್ತು ಅದರ ಹಿಂದೆ ಬರುತ್ತದೆ. ಕಣ್ಣು ಮುಂದಕ್ಕೆ ಹೋಗಿ, ಅರ್ಕಾವೊತ್ತನ್ನು ಕಂಡು, ಮತ್ತೆ ಹಿಂದಕ್ಕೆ ಬಂದ ಮೇಲೆಯೇ ನಾಲಿಗೆ ಹೊರಳಬೇಕು. ‘ಸೂ... ಯ... ರ’ ಎಂದು ತಡವರಿಸುವ ಮಗು ಬರೆದದ್ದನ್ನು ಬರೆದ ಕ್ರಮದಲ್ಲೇ ಪ್ರಾಮಾಣಿಕವಾಗಿ ಓದುತ್ತಿರುತ್ತದೆ. ‘ಸ್ವಾತಂತ್ರ್ಯ’ದಲ್ಲಿ ತಕಾರ, ರಕಾರ, ಯಕಾರ ಮೂರೂ ಒಂದೇ ಜಾಗದಲ್ಲಿ ಪೇರಿಸಿಕೊಂಡಿರುತ್ತವೆ. ಇದನ್ನೆಲ್ಲ ಬಿಡಿಸುವಷ್ಟರಲ್ಲಿ ವಾಕ್ಯದ ಆರಂಭ ಏನಿತ್ತೆಂಬುದೇ ಮರೆತಿರುತ್ತದೆ.

ಬೆಂಗಳೂರಿನ ಪ್ರಾಮಿಸ್ ಫೌಂಡೇಷನ್ನಿನ ಸಂಶೋಧಕಿ ಸೋನಾಲಿ ನಾಗ್ ಕನ್ನಡ ಕಲಿಯುವ ಮಕ್ಕಳನ್ನು ಕುರಿತ ಅಧ್ಯಯನವೊಂದನ್ನು 2007ರಲ್ಲಿ ಪ್ರಕಟಿಸಿದರು. ಅಕ್ಷರಗಳ ಮೇಲಿನ ಹಿಡಿತ ಒಂದೆರಡು ವರ್ಷಗಳಲ್ಲಿ ಮುಗಿಯುವ ಕೆಲಸವಲ್ಲ, ನಾಲ್ಕನೇ ತರಗತಿಯ ತನಕವೂ ಅದರಾಚೆಗೂ ಅದು ಬೆಳೆಯುತ್ತಲೇ ಇರುತ್ತದೆ ಎಂದು ಅದರಲ್ಲಿ ತೋರಿಸಿದರು. ಅಂದರೆ ಸರ್ಕಾರಿ ಕನ್ನಡ ಶಾಲೆಯ ಮಗುವಿಗೇ ಒಂಬತ್ತು ಹತ್ತು ವರ್ಷದವರೆಗೆ ಕಲಿಕೆ ನಡೆದಿರುತ್ತದೆ. ನಿಮ್ಮ ಮಗಳು ಮೂರನೇ ತರಗತಿಯಲ್ಲಿ ಎರಡು ಲಿಪಿಗಳನ್ನು ಒಟ್ಟೊಟ್ಟಿಗೆ ಹೊರುತ್ತಿದ್ದಾಳೆ. ಅವುಗಳಲ್ಲೊಂದಾದ ಇಂಗ್ಲಿಷಿನಲ್ಲಿ ಕಂಡ ಅಕ್ಷರಕ್ಕೂ ಆಡುವ ಸದ್ದಿಗೂ ನಂಬಿಕೆಯ ನಂಟಿಲ್ಲ.

ಫಿಲಿಪ್ ಗಫ್ ಮತ್ತು ವಿಲಿಯಂ ಟನ್ಮರ್ ಎಂಬ ಮನಶ್ಶಾಸ್ತ್ರಜ್ಞರು 1986ರಲ್ಲಿ ಓದನ್ನು ಒಂದು ಗುಣಾಕಾರವಾಗಿ ವಿವರಿಸಿದರು: ಅಕ್ಷರ ಬಿಡಿಸುವ ಶಕ್ತಿ ಒಂದು, ಕೇಳಿದ ಮಾತನ್ನು ಅರಿಯುವ ಶಕ್ತಿ ಇನ್ನೊಂದು. ಎರಡರಲ್ಲಿ ಯಾವುದು ಸೊನ್ನೆಯಾದರೂ ಓದು ಸೊನ್ನೆ. ಮೊದಲನೆಯದನ್ನು ಶಾಲೆ ಕಲಿಸುತ್ತದೆ, ಕಲಿಸಲೇಬೇಕು. ಎರಡನೆಯದು ಹೆಚ್ಚಾಗಿ ಮನೆಯಲ್ಲಿ, ಕಿವಿಯ ಮೂಲಕ ಬೆಳೆಯುತ್ತದೆ. ಎಂಟು ವರ್ಷದ ಮಗುವಿನ ಕಿವಿಗೆ ರಾಮಾಯಣದ ಇಕ್ಕಟ್ಟುಗಳು, ಚಂದ್ರಯಾನದ ವಿವರ, ಪತ್ತೇದಾರಿ ಕಥೆಯ ತಿರುವು ಎಲ್ಲವೂ ಅರ್ಥವಾಗುತ್ತವೆ. ಅದೇ ಮಗುವಿನ ಕಣ್ಣಿಗೆ ಎಟುಕುವುದು ‘ಕಮಲ ಬಸಳೆ ತಂದಳು’ ಎಂಬ ಮಟ್ಟದ ವಾಕ್ಯ. ಈ ಅಂತರ ತುಂಬುವ ತನಕ ಮಗುವಿನ ಬುದ್ಧಿಗೆ ತಕ್ಕ ಕಥೆಯನ್ನು ಯಾರಾದರೂ ಓದಿ ಹೇಳುತ್ತಿರಬೇಕು. ಇಲ್ಲವಾದರೆ ಪುಸ್ತಕ ಎಂದರೆ ತನ್ನ ಬುದ್ಧಿಗಿಂತ ಚಿಕ್ಕ ವಿಷಯಗಳು ತುಂಬಿರುವ ವಸ್ತು ಎಂಬ ತೀರ್ಮಾನಕ್ಕೆ ಮಗು ಬರುತ್ತದೆ.

ಇನ್ನು ನಿಮ್ಮ ಅಣ್ಣನ ವಿಷಯ. ಒಂದೇ ಮನೆಯಲ್ಲಿ ಬೆಳೆದರೂ ಅಣ್ಣ ತಂಗಿಯ ಬಾಲ್ಯ ಒಂದೇ ಆಗಿರುವುದು ಅಪರೂಪ. ಮೊದಲ ಮಗುವಿಗೆ ಸಿಕ್ಕ ಅಜ್ಜಿಯ ಬಿಡುವು ಎರಡನೆಯದಕ್ಕೆ ಸಿಗುವುದಿಲ್ಲ. ಹುಡುಗ ಸಂಜೆ ಪೇಟೆಗೆ ಹೋಗಿ ವಾಚನಾಲಯದಲ್ಲಿ ಕೂರಬಹುದಾಗಿದ್ದ ಊರುಗಳಲ್ಲಿ ಹುಡುಗಿಗೆ ಆ ಹೊತ್ತಿನಲ್ಲಿ ಮನೆಗೆಲಸ ಇರುತ್ತಿತ್ತು. ನಿಮ್ಮ ಮನೆಯಲ್ಲಿ ಹೀಗಿತ್ತೇ ಎಂದು ನೀವೇ ನೆನಪು ಮಾಡಿಕೊಳ್ಳಿ. ಓದಿನ ಸಲೀಸುತನದಲ್ಲಿ ಹುಟ್ಟಿನಿಂದ ಬರುವ ಪಾಲೂ ಸಾಕಷ್ಟಿದೆ. ಅವಳಿಗಳ ಮೇಲೆ ನಡೆದ ಅಧ್ಯಯನಗಳು ಇದನ್ನು ಮತ್ತೆ ಮತ್ತೆ ಹೇಳಿವೆ. ಸಣ್ಣದಾಗಿ ಶುರುವಾದ ಅಂತರ ಸಣ್ಣದಾಗಿಯೇ ಉಳಿಯುವುದೂ ಇಲ್ಲ. ಸ್ವಲ್ಪ ಸಲೀಸಾಗಿ ಓದುವವನು ಹೆಚ್ಚು ಓದುತ್ತಾನೆ, ಹೆಚ್ಚು ಓದಿದ್ದರಿಂದ ಪದಸಂಪತ್ತು ಬೆಳೆಯುತ್ತದೆ, ಅದರಿಂದ ಓದು ಇನ್ನೂ ಸಲೀಸಾಗುತ್ತದೆ. ತಡವರಿಸುವವಳು ದೂರ ಸರಿಯುತ್ತಾಳೆ. ದೂರ ಸರಿದಷ್ಟೂ ತಡವರಿಕೆ ಹೆಚ್ಚುತ್ತದೆ. ಮನಶ್ಶಾಸ್ತ್ರಜ್ಞ ಕೀತ್ ಸ್ಟಾನೋವಿಚ್ 1986ರಲ್ಲಿ ವಿವರಿಸಿದ ಈ ಸುಳಿ ಅಣ್ಣ ತಂಗಿಯರ ನಡುವೆಯೂ ಸುತ್ತಬಲ್ಲದು. ನಿಮಗೆ ಆಸಕ್ತಿಯಿರಲಿಲ್ಲ ಎಂದು ಇಷ್ಟು ವರ್ಷ ನಿಮ್ಮನ್ನು ನೀವೇ ಅಂದುಕೊಂಡಿದ್ದರೆ ಅದನ್ನು ಬಿಡಿ.

ಪುಸ್ತಕವಿಲ್ಲದ ಮನೆಯ ಪ್ರಶ್ನೆಗೆ ಉತ್ತರ ಎರಡು ಬಗೆಯದು, ಎರಡನ್ನೂ ನೀವು ಕೇಳಬೇಕು. ಸಮಾಜಶಾಸ್ತ್ರಜ್ಞೆ ಮೇರಿಯಾ ಇವಾನ್ಸ್ ಮತ್ತು ಸಂಗಡಿಗರು 27 ದೇಶಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 500 ಪುಸ್ತಕಗಳಿರುವ ಮನೆಯ ಮಕ್ಕಳು ಪುಸ್ತಕವೇ ಇಲ್ಲದ ಮನೆಯ ಮಕ್ಕಳಿಗಿಂತ ಸರಾಸರಿ ಮೂರು ವರ್ಷ ಹೆಚ್ಚು ಶಿಕ್ಷಣ ಪಡೆದಿದ್ದರು. ಹಾಗಾಗಿ ಪುಸ್ತಕವಿಲ್ಲದಿದ್ದರೂ ಪರವಾಗಿಲ್ಲ ಎಂದು ನಾನು ಹೇಳಲಾರೆ. ಆದರೆ ಅದೇ ಅಧ್ಯಯನದಲ್ಲಿ, ಹೆಚ್ಚು ಓದಿರದ ತಂದೆತಾಯಿಗಳ ಮನೆಯಲ್ಲಿ ಮೊದಲ ಕೆಲವು ಪುಸ್ತಕಗಳೇ ಹೆಚ್ಚು ವ್ಯತ್ಯಾಸ ಮಾಡುತ್ತವೆ ಎಂಬುದೂ ಇದೆ. ಇಪ್ಪತ್ತು ಪುಸ್ತಕವೂ ಲೆಕ್ಕಕ್ಕೆ ಬರುತ್ತದೆ. ನಿಮ್ಮ ಕೈಗೆ ಎಟುಕುವ ಸಂಖ್ಯೆಯಿದು.

ಇನ್ನೊಂದು ಉತ್ತರ ನಮ್ಮ ಬರಹಗಾರರ ಬಾಲ್ಯದಲ್ಲಿದೆ. ಚಂದ್ರಶೇಖರ ಕಂಬಾರರು ಬೆಳೆದ ಘೋಡಗೇರಿ ಬಯಲಾಟ, ಲಾವಣಿಗಳ ಊರು. ಗಿರೀಶ ಕಾರ್ನಾಡರು ಬಾಲ್ಯದಲ್ಲಿ ಶಿರಸಿಯಲ್ಲಿ ಕಂಪನಿ ನಾಟಕ ಮತ್ತು ಯಕ್ಷಗಾನ ನೋಡುತ್ತ ಬೆಳೆದರು. ಕುಂದಾಪುರದ ತುಂಬು ಮನೆಯಲ್ಲಿ ಹೆಂಗಸರ ಮಾತು ಕೇಳುತ್ತ ಬೆಳೆದ ವೈದೇಹಿಯವರ ಕಥೆಗಳಲ್ಲಿ ಇಂದಿಗೂ ಆ ಮಾತಿನ ಲಯವಿದೆ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ ಬಡ ದಲಿತ ಕುಟುಂಬದಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರು ಹಾಸ್ಟೆಲಿನಲ್ಲಿದ್ದು ಓದಿ ಕವಿಯಾದರು. ಇವರ ಹೆಸರು ಹೇಳಿ ಬಡತನವನ್ನೋ ಪುಸ್ತಕವಿಲ್ಲದ ಮನೆಯನ್ನೋ ಹೊಗಳುವ ಉದ್ದೇಶ ನನಗಿಲ್ಲ. ಅದೇ ಕೇರಿಗಳಲ್ಲಿ ಬೆಳೆದು ಶಾಲೆಯ ಬಾಗಿಲನ್ನೇ ಕಾಣದವರ ಸಂಖ್ಯೆ ಬಹಳ ದೊಡ್ಡದು. ನಾನು ಹೇಳುವುದಿಷ್ಟೇ: ಮಾತು ರುಚಿಯಾದದ್ದು ಎಂಬ ಅರಿವು ಪುಸ್ತಕಕ್ಕಿಂತ ಮೊದಲೇ, ಒಬ್ಬ ಮನುಷ್ಯರ ಬಾಯಿಂದ ಮಗುವಿಗೆ ಬರಬಲ್ಲದು. ನಿಮ್ಮ ಬಾಲ್ಯದಲ್ಲೂ ಹಾಡು, ಗಾದೆ, ಒಗಟು, ಸುಳ್ಳುಸುಳ್ಳೇ ಕಥೆ ಕಟ್ಟುತ್ತಿದ್ದ ಅತ್ತೆಯೋ ಮಾವನೋ ಇದ್ದೇ ಇರುತ್ತಾರೆ. ಅವೆಲ್ಲ ನಿಮ್ಮ ಬಂಡವಾಳವೇ.

ಭಾಷೆಯ ವಿಷಯದಲ್ಲೂ ಭಯ ಬೇಡ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ, ಗೋಕರ್ಣದ ಜಯಂತ ಕಾಯ್ಕಿಣಿಯವರದು ಕೊಂಕಣಿ. ಮೈಸೂರಿನ ಎ.ಕೆ. ರಾಮಾನುಜನ್ ಅವರ ಮನೆಯಲ್ಲಿ ಮಹಡಿಯ ಮೇಲೆ ತಂದೆಯ ಇಂಗ್ಲಿಷ್, ಕೆಳಗೆ ಅಡುಗೆಮನೆಯಲ್ಲಿ ತಮಿಳು, ಹೊರಗೆ ಬೀದಿಯಲ್ಲಿ ಕನ್ನಡ. ಒಂದು ಭಾಷೆ ಇನ್ನೊಂದನ್ನು ತಿಂದುಹಾಕುವುದಿಲ್ಲ, ಎರಡರಲ್ಲೂ ಯಾರಾದರೂ ಪ್ರೀತಿಯಿಂದ ಮಾತನಾಡಿಸುವವರು ಇದ್ದರೆ. ಶಾಲೆಯ ಇಂಗ್ಲಿಷಿಗಾಗಿ ಮನೆಯ ಕಥೆಯನ್ನೂ ಇಂಗ್ಲಿಷಿಗೆ ಬದಲಿಸಬೇಡಿ. ನಿಮಗೆ ನಗು, ಅಳು ಬರುವ ಭಾಷೆಯಲ್ಲಿ ಓದಿ. ಕಥೆಯನ್ನು ಹಿಂಬಾಲಿಸುವ ಶಕ್ತಿ ಕನ್ನಡದಲ್ಲಿ ಬೆಳೆದರೆ ಇಂಗ್ಲಿಷಿಗೂ ಒದಗುತ್ತದೆ.

ಹೇಗೆ ಓದಬೇಕು? ಇದಕ್ಕೆ ಮಾದರಿ ನಿಮ್ಮ ಜಿಲ್ಲೆಯಲ್ಲೇ ಇದೆ. ಶಿವಮೊಗ್ಗದ ಬಳಿಯ ಮತ್ತೂರು ಹೊಸಹಳ್ಳಿಗಳಲ್ಲಿ ಗಮಕ ಇಂದಿಗೂ ಜೀವಂತವಾಗಿದೆ. ಗಮಕದಲ್ಲಿ ಇಬ್ಬರು ಕೂರುತ್ತಾರೆ: ಒಬ್ಬರು ಪದ್ಯ ವಾಚಿಸುತ್ತಾರೆ, ಇನ್ನೊಬ್ಬರು ಅಲ್ಲಲ್ಲಿ ತಡೆದು ವ್ಯಾಖ್ಯಾನ ಮಾಡುತ್ತಾರೆ. ಅಕ್ಷರ ಬಾರದವರೂ ಕುಮಾರವ್ಯಾಸನ ಸಾಲುಗಳನ್ನು ಬಾಯಲ್ಲಿಟ್ಟುಕೊಂಡದ್ದು ಹೀಗೆ ಕೇಳಿ ಕೇಳಿಯೇ. ಓದುವುದು ಮತ್ತು ಓದಿದ್ದರ ಬಗ್ಗೆ ಮಾತನಾಡುವುದು ಅಲ್ಲಿ ಬೇರೆ ಬೇರೆಯಲ್ಲ. 1988ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು ಎರಡರಿಂದ ಮೂರು ವರ್ಷದ ಮಕ್ಕಳ ತಂದೆತಾಯಿಗಳಿಗೆ ಒಂದು ತಿಂಗಳ ಮಟ್ಟಿಗೆ ಇಂಥದ್ದನ್ನೇ ಕಲಿಸಿದರು: ಸುಮ್ಮನೆ ಓದಿ ಮುಗಿಸಬೇಡಿ, ನಡುವೆ ಮಗುವನ್ನು ಮಾತಿಗೆಳೆಯಿರಿ, ಮೆಲ್ಲಗೆ ಮಗುವೇ ಕಥೆಗಾರನಾಗಲಿ ಎಂದು. ತಿಂಗಳಾಗುವಷ್ಟರಲ್ಲಿ ಆ ಮಕ್ಕಳು ಉಳಿದವರಿಗಿಂತ ಮಾತಿನಲ್ಲಿ ಹಲವು ತಿಂಗಳು ಮುಂದಿದ್ದರು.

ಇದನ್ನು ನಿಮ್ಮ ಮಗಳ ಜೊತೆ ಹೀಗೆ ಮಾಡಿ. ಮಳೆಯಲ್ಲಿ ಬೆಕ್ಕೊಂದು ಹಂಚಿನ ಮಾಡಿನ ಮೇಲೆ ಸಿಕ್ಕಿಕೊಂಡ ಕಥೆ ಓದುತ್ತಿದ್ದೀರಿ ಎಂದುಕೊಳ್ಳಿ. ‘ಇದು ಯಾವ ಪ್ರಾಣಿ? ಬಣ್ಣ ಯಾವುದು?’ ಎಂದು ಕೇಳಿದರೆ ಅದು ಪರೀಕ್ಷೆ. ಉತ್ತರ ನಿಮಗೆ ಗೊತ್ತಿದೆ ಎಂದು ಅವಳಿಗೂ ಗೊತ್ತು. ‘ನೀನಾಗಿದ್ದರೆ ಹೇಗೆ ಇಳಿಯುತ್ತಿದ್ದೆ?’, ‘ಆ ಮನೆಯವರಿಗೆ ಯಾಕೆ ಕೇಳಿಸಲಿಲ್ಲವೋ?’ ಎಂದು ಕೇಳಿ ನೋಡಿ. ಅವಳು ಹೇಳಿದ್ದಕ್ಕೆ ಇನ್ನೆರಡು ಮಾತು ಸೇರಿಸಿ, ಕಥೆ ಮುಂದುವರಿಸಿ. ಪುಟಕ್ಕೊಂದು ಪ್ರಶ್ನೆಯೂ ಬೇಕಿಲ್ಲ, ರಸಭಂಗವಾಗುತ್ತದೆ. ಮತ್ತೆ ಮತ್ತೆ ಬರುವ ಮಾತೊಂದು ಕಥೆಯಲ್ಲಿದ್ದರೆ ಅದನ್ನು ಅವಳ ಪಾಲಿಗೆ ಬಿಡಿ: ಆ ಸಾಲು ಬಂದಾಗ ನೀವು ನಿಲ್ಲಿಸಿ, ಬೆರಳಿಟ್ಟು ತೋರಿಸಿ, ಅವಳು ಓದಲಿ. ಕೆಲವು ವಾರಗಳಾದ ಮೇಲೆ ಒಂದು ಪಾತ್ರದ ಮಾತೆಲ್ಲ ಅವಳದ್ದು. ತಡವರಿಸಿದರೆ ಮೂರು ಎಣಿಸುವಷ್ಟು ಕಾದು ಪದವನ್ನು ನೀವೇ ಹೇಳಿಬಿಡಿ. ‘ಕೂಡಿಸಿ ಓದು’ ಎಂಬ ಒತ್ತಾಯ ಶಾಲೆಗಿರಲಿ. ಪಂಜೆ ಮಂಗೇಶರಾಯರ, ಜಿ.ಪಿ. ರಾಜರತ್ನಂ ಅವರ ಶಿಶುಪದ್ಯಗಳು ನಿಮಗೆ ಬಾಯಿಪಾಠ ಇದ್ದೇ ಇರುತ್ತವೆ. ಅವುಗಳನ್ನು ಅಚ್ಚಿನಲ್ಲಿ ತೋರಿಸಿ. ಬಾಯಲ್ಲಿ ಆಗಲೇ ಇರುವ ಪದ್ಯವನ್ನು ಪುಟದ ಮೇಲೆ ಗುರುತಿಸುವುದು ತಡವರಿಸುವ ಮಗುವಿಗೆ ಎಲ್ಲಕ್ಕಿಂತ ಸುಲಭದ ಓದು.

ಒಂದು ಪುಸ್ತಕ ಮುಗಿಸಿದರೆ ಚಾಕೊಲೇಟು, ಹತ್ತು ಮುಗಿಸಿದರೆ ಸೈಕಲ್ಲು ಎಂಬ ಒಪ್ಪಂದ ಬೇಡ. 1973ರಲ್ಲಿ ಮನಶ್ಶಾಸ್ತ್ರಜ್ಞ ಮಾರ್ಕ್ ಲೆಪರ್ ಮತ್ತು ಸಂಗಡಿಗರು ಚಿತ್ರ ಬರೆಯುವುದನ್ನು ತಾವಾಗಿಯೇ ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳಿಗೆ, ಬರೆದರೆ ಬಹುಮಾನ ಎಂದು ಮೊದಲೇ ಹೇಳಿ ಬರೆಯಿಸಿದರು. ಕೆಲವು ದಿನಗಳ ನಂತರ ಆ ಮಕ್ಕಳು ತಾವಾಗಿ ಚಿತ್ರ ಬರೆಯಲು ಕೂರುವುದು ಉಳಿದ ಮಕ್ಕಳಿಗಿಂತ ಅರ್ಧಕ್ಕೆ ಇಳಿದಿತ್ತು.

ಈಗ ಬರಹ. ನಿಮ್ಮ ಮೇಷ್ಟರು ಮಾಡಿದ್ದನ್ನು ಓದಿ ನನಗೆ ಸಿಟ್ಟು ಬಂತು. ಮಗು ಬರೆದದ್ದನ್ನು ಎಲ್ಲರೆದುರು ಓದುವುದು ಶಿಕ್ಷಕರು ಕೊಡಬಹುದಾದ ಅತಿ ದೊಡ್ಡ ಗೌರವ. ಅದನ್ನೇ ಅವರು ಶಿಕ್ಷೆಯಾಗಿ ಬಳಸಿದರು. ಇಂಥ ಒಂದು ಘಟನೆ ಮೂವತ್ತು ವರ್ಷ ಉಳಿಯುತ್ತದೆಯೇ ಎಂದು ಯಾರಾದರೂ ಕೇಳಿದರೆ, ಉಳಿಯುತ್ತದೆ ಎಂದೇ ಹೇಳುತ್ತೇನೆ. ಶಿಕ್ಷಕರ ತರಬೇತಿಗಳಲ್ಲಿ ಬರೆಯಲು ಪೆನ್ನು ಹಿಡಿದ ಕೂಡಲೇ ಬೆವರುವ ಶಿಕ್ಷಕಿಯರನ್ನು ನಾನು ಕಂಡಿದ್ದೇನೆ, ಅವರ ಹಿಂದೆಯೂ ಇಂಥದ್ದೇ ಒಂದು ತರಗತಿ ಇರುತ್ತದೆ.

ಮೂರನೇ ತರಗತಿಯ ಹುಡುಗನೊಬ್ಬ ಬರೆದ ಎರಡು ವಾಕ್ಯ ಇಲ್ಲಿವೆ: ‘ಅಜಿ ಮನೆಯಲಿ ಹಸು ಕರು ಹಾಕಿತು. ಅದು ನಾಲಕು ಸಲ ಬಿದು ಐದನೆ ಸಲ ನಿಂತಿತು.’ ಅಜ್ಜಿ, ಮನೆಯಲ್ಲಿ, ನಾಲ್ಕು, ಬಿದ್ದು. ನಾಲ್ಕು ಕಡೆ ಒತ್ತು ಬಿಟ್ಟುಹೋಗಿದೆ, ‘ಐದನೇ’ಯಲ್ಲಿ ದೀರ್ಘ ಹೋಗಿದೆ. ಕೆಂಪು ಶಾಯಿಗೆ ಐದು ಗುರುತು. ಆದರೆ ನೋಡಿ, ಹುಡುಗ ಕೊಟ್ಟಿಗೆಯಲ್ಲಿ ನಿಂತು ಎಣಿಸಿದ್ದಾನೆ. ‘ಹಸು ಸಾಧು ಪ್ರಾಣಿ, ಅದಕ್ಕೆ ನಾಲ್ಕು ಕಾಲುಗಳಿವೆ’ ಎಂಬ ಗೈಡಿನ ಪ್ರಬಂಧದಲ್ಲಿ ಒಂದೂ ತಪ್ಪಿರುವುದಿಲ್ಲ, ಹಸುವೂ ಇರುವುದಿಲ್ಲ. ಈ ಹುಡುಗನ ವಾಕ್ಯಕ್ಕೆ ಮೊದಲ ಉತ್ತರ ‘ಹೌದಾ, ನಾಲ್ಕು ಸಲ ಬಿತ್ತಾ? ಅಷ್ಟು ಹೊತ್ತು ತಾಯಿ ಹಸು ಏನು ಮಾಡುತ್ತಿತ್ತು?’ ಎಂದಿರಬೇಕು. ಅವನು ಅದಕ್ಕೆ ಉತ್ತರ ಬರೆಯುತ್ತಾನೆ. ಒತ್ತಕ್ಷರವನ್ನು ಮರುದಿನ, ಬೇರೆ ಹಾಳೆಯ ಮೇಲೆ, ಎಲ್ಲ ಮಕ್ಕಳಿಗೂ ಸೇರಿಸಿ ಕಲಿಸಬಹುದು. ಬರೆಯುವ ಆಸೆ ಹುಟ್ಟುವುದು ತಾನು ಹೇಳಿದ್ದನ್ನು ಒಬ್ಬರು ಕೇಳಿಸಿಕೊಂಡರು ಎಂಬ ಅನುಭವದಿಂದ. ಯು.ಆರ್. ಅನಂತಮೂರ್ತಿಯವರು ಹುಡುಗನಾಗಿದ್ದಾಗ ಕೈಬರಹದ ಪತ್ರಿಕೆ ನಡೆಸುತ್ತಿದ್ದರು. ಕಥೆ, ಪದ್ಯ, ಊರಿನ ಸುದ್ದಿ ತುಂಬಿದ ಒಂದೇ ಪ್ರತಿ ಕೈಯಿಂದ ಕೈಗೆ ಹೋಗುತ್ತಿದ್ದ ಅಂಥ ಪತ್ರಿಕೆಗಳು ಆ ಕಾಲದ ಅನೇಕ ಊರುಗಳಲ್ಲಿ, ಶಾಲೆಗಳಲ್ಲಿ ಇದ್ದವು. ಅದರಲ್ಲಿ ಬರೆದ ಮಗುವಿಗೆ ಮರುದಿನವೇ ಓದುಗರು ಸಿಗುತ್ತಿದ್ದರು. ಶಾಲೆಗಳು ಇದನ್ನು ಕೈಬಿಟ್ಟದ್ದು ದೊಡ್ಡ ನಷ್ಟ.

ನೀವು ಮನೆಯಲ್ಲಿ ಒಂದು ನೋಟ್‌ಪುಸ್ತಕ ತನ್ನಿ, ನಿಮ್ಮಿಬ್ಬರದ್ದು. ರಾತ್ರಿ ನೀವು ಅವಳಿಗೆ ಎರಡು ಸಾಲು ಬರೆದು ದಿಂಬಿನ ಬಳಿ ಇಡಿ: ಇವತ್ತು ಏನು ನೋಡಿದಿರಿ, ಯಾವುದಕ್ಕೆ ನಗು ಬಂತು. ಅವಳು ಬೇಕೆನಿಸಿದಾಗ ಉತ್ತರ ಬರೆಯಲಿ, ಕನ್ನಡದಲ್ಲೋ ಇಂಗ್ಲಿಷಿನಲ್ಲೋ, ಚಿತ್ರದಲ್ಲಾದರೂ ಸರಿ. ಆ ಪುಸ್ತಕದಲ್ಲಿ ತಿದ್ದುವುದಿಲ್ಲ ಎಂಬುದು ಒಂದೇ ನಿಯಮ. ನಿಮಗೂ ಇದು ಔಷಧ, ಏಕೆಂದರೆ ಅಲ್ಲಿ ನಿಮ್ಮನ್ನು ಓದುವವಳು ನಿಮ್ಮ ಮಾತಿಗೆ ಕಾದಿರುವ ಎಂಟು ವರ್ಷದ ಹುಡುಗಿ. ನಿಮ್ಮ ಹಿಂಜರಿಕೆ ಅಂಟುತ್ತದೆಯೇ ಎಂದು ಕೇಳಿದಿರಿ. ‘ನನಗೆ ಬರುವುದಿಲ್ಲಪ್ಪ’ ಎಂದು ನೀವು ಅವಳೆದುರು ಪುಸ್ತಕ ಮುಚ್ಚಿಟ್ಟರೆ ಅಂಟಬಹುದು. ನಿಧಾನವಾಗಿ, ಬೆರಳಿಟ್ಟುಕೊಂಡಾದರೂ ನೀವು ಓದುತ್ತಿರುವುದನ್ನು ಕಂಡರೆ ಅವಳಿಗೆ ಅಂಟುವುದು ಅದೇ.

ಪುಸ್ತಕಕ್ಕೆ ದುಡ್ಡು ಸುರಿಯಬೇಕಾಗಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ‘ಓದುವ ಬೆಳಕು’ ಕಾರ್ಯಕ್ರಮ 2020ರಲ್ಲಿ ಆರಂಭವಾದ ಮೇಲೆ ಮಕ್ಕಳಿಗೆ ಉಚಿತ ಸದಸ್ಯತ್ವವಿದೆ; ಅವಳ ಹೆಸರಿನಲ್ಲೇ ಕಾರ್ಡು ಮಾಡಿಸಿ, ಪುಸ್ತಕ ಅವಳೇ ಆರಿಸಲಿ. ಬೆಂಗಳೂರಿನ ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡ ಚಿತ್ರಕಥೆಗಳು ಓದಿನ ಮಟ್ಟಕ್ಕೆ ತಕ್ಕಂತೆ ಉಚಿತವಾಗಿ ಸಿಗುತ್ತವೆ. ನವಕರ್ನಾಟಕ, ನ್ಯಾಷನಲ್ ಬುಕ್ ಟ್ರಸ್ಟ್ ಪ್ರಕಾಶನಗಳ ಮಕ್ಕಳ ಪುಸ್ತಕಗಳ ಬೆಲೆಯೂ ಹೆಚ್ಚಿಲ್ಲ. ಅವಳು ಓದಲು ಒಂದು ಮಟ್ಟ ಕೆಳಗಿನದು, ನೀವು ಓದಿ ಹೇಳಲು ಎರಡು ಮಟ್ಟ ಮೇಲಿನದು: ಪ್ರತಿ ಸಲ ಎರಡೂ ಬಗೆಯದನ್ನು ತನ್ನಿ.

ಕಡೆಯದಾಗಿ, ಇದೆಲ್ಲ ಶುರು ಮಾಡುವ ಮೊದಲು ಅವಳ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಹಲಗೆ ಕಾಣದ ಮಗುವನ್ನು ಆಸಕ್ತಿಯಿಲ್ಲದ ಮಗು ಎಂದು ವರ್ಷಗಟ್ಟಲೆ ಬೈಯುವುದು ನಡೆದೇ ಇದೆ. ಐದಾರು ತಿಂಗಳು ಒಟ್ಟಿಗೆ ಓದಿದ ಮೇಲೂ ಪರಿಚಿತ ಅಕ್ಷರಗಳೇ ಪದೇ ಪದೇ ಅದಲುಬದಲಾಗುತ್ತಿದ್ದರೆ, ಹತ್ತಾರು ಸಲ ಕಂಡ ಪದವೂ ಹೊಸದರಂತೆ ಕಾಣುತ್ತಿದ್ದರೆ, ಡಿಸ್ಲೆಕ್ಸಿಯಾದಂಥ ಕಲಿಕೆಯ ತೊಡಕು ಇರಬಹುದೇ ಎಂದು ತೋರಿಸುವುದು ಒಳ್ಳೆಯದು. ಅದು ಮಿದುಳು ಅಕ್ಷರವನ್ನು ಗ್ರಹಿಸುವ ರೀತಿಗೆ ಸೇರಿದ್ದು, ಕುಟುಂಬಗಳಲ್ಲಿ ಹರಿದುಬರುವಂಥದ್ದು; ಬುದ್ಧಿ ಕಡಿಮೆ ಎಂದಾಗಲಿ, ಬೆಳೆಸಿದ್ದು ಸರಿಯಿಲ್ಲ ಎಂದಾಗಲಿ ಅದಕ್ಕೆ ಅರ್ಥವಿಲ್ಲ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಬೆಂಗಳೂರಿನ ನಿಮ್ಹಾನ್ಸ್‌ನ ಮಕ್ಕಳ ವಿಭಾಗದಲ್ಲೂ ಇದರ ಪರೀಕ್ಷೆ ನಡೆಯುತ್ತದೆ. ಹೋಗುವಾಗ ಅವಳ ಕನ್ನಡದ ಮತ್ತು ಇಂಗ್ಲಿಷಿನ ಎರಡೂ ನೋಟ್‌ಪುಸ್ತಕಗಳನ್ನು ಕೊಂಡೊಯ್ಯಿರಿ. ತೊಡಕು ಒಂದು ಲಿಪಿಯದೋ ಎರಡರದೋ ಎಂದು ತಿಳಿಯಲು ಪರೀಕ್ಷಿಸುವವರಿಗೆ ಅವು ಬೇಕಾಗುತ್ತವೆ.